ಮಡಚಬಾರದ ಹಗ್ಗ

ಹೆಂಡತಿ ಓಡಿಸುವ ಕಾರಿನಲ್ಲಿ ದರ್ಜಿಯ ಬಲಗಾಲು ಯಾವತ್ತೂ ಸುಮ್ಮನಿದ್ದದ್ದಿಲ್ಲ. ಅವಳು ಸಿಟಿ ಬಸ್ಸಿನ ಡ್ರೈವರ್. ಬಾಗಿಲಿಗೆ ಜೋತುಬಿದ್ದ ಜನರ ಸಮೇತ ಅಷ್ಟುದ್ದದ ಬಸ್ಸನ್ನು ಇಕ್ಕಟ್ಟಿನ ಗಲ್ಲಿಗಳಲ್ಲಿ ದಾರ ಪೋಣಿಸಿದ ಹಾಗೆ ದಾಟಿಸಿ, ಒಂದು ಗೀರೂ ಬೀಳಿಸದೆ ಡಿಪೋಗೆ ತರುವವಳು. ಆದರೆ ಮನೆಯ ಹಳೇ ಕಾರಿನಲ್ಲಿ ಪಕ್ಕದ ಸೀಟಿಗೆ ಗಂಡ ಬಂದು ಕೂತರೆ ಮುಗಿಯಿತು, ಪ್ರತಿ ತಿರುವಿಗೂ ಅವನ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತದೆ. ಆ ಜಾಗದಲ್ಲಿ ಮ್ಯಾಟು ಸವೆದು ತೂತು ಬಿದ್ದಿದೆ. “ಗಾಡಿ ಸರ್ವೀಸಿಗೆ ಬಿಟ್ಟಾಗ ನಿಮ್ಮ ಕಡೆ ಬ್ರೇಕೂ ನೋಡಿಸ್ಬೇಕು ಕಣ್ರೀ” ಎನ್ನುವುದು ಅವಳ ಹಳೇ ಜೋಕು. ಅವನು ನಗುತ್ತಾನೆ. ಒತ್ತುವುದನ್ನು ಬಿಡುವುದಿಲ್ಲ.

ಇಂಥವನ ಹೆಂಡತಿಗೆ ನಲವತ್ತು ದಾಟಿದ ಮೇಲೆ ಹೊಳೆಯ ಹುಚ್ಚು ಹಿಡಿಯಿತು. ಆ ವಯಸ್ಸಿನಲ್ಲಿ ಕೆಲವರಿಗೆ ಮಂಡಿನೋವು ಹಿಡಿಯುತ್ತದೆ, ಕೆಲವರಿಗೆ ವೈರಾಗ್ಯ. ಅವಳಿಗೆ ಹಿಡಿದದ್ದು ಕಯಾಕ್, ಅಂದರೆ ಒಬ್ಬರೇ ಕೂತು, ಕಾಲು ಒಳಗೆ ತೂರಿಸಿಕೊಂಡು, ಹುಟ್ಟು ಹಾಕುತ್ತ ನೊರೆನೀರಿನಲ್ಲಿ ಇಳಿಯುವ ಕಿರುದೋಣಿ. ಡಿಪೋದ ಗೆಳತಿಯೊಬ್ಬಳು ತಮಾಷೆಗೆಂದು ಕರೆದುಕೊಂಡು ಹೋಗಿದ್ದಳು. ಗೆಳತಿ ಒಂದೇ ದಿನಕ್ಕೆ ಕೈಮುಗಿದಳು, ಇವಳು ಅಲ್ಲೇ ಉಳಿದಳು. ದರ್ಜಿ ಒಮ್ಮೆ ದಡದಲ್ಲಿ ನಿಂತು ನೋಡಿದ. ಅವಳು ನೊರೆಯಲ್ಲಿ ಮಾಯವಾಗುತ್ತಿದ್ದಳು, ಆಚೆ ಬರುತ್ತಿದ್ದಳು, ನಗುತ್ತಿದ್ದಳು. ಮಾಯವಾದದ್ದಕ್ಕಿಂತ ನಕ್ಕದ್ದಕ್ಕೇ ಅವನಿಗೆ ಹೆಚ್ಚು ದಿಗಿಲಾಯಿತು. ನಗುವವರು ಮತ್ತೆ ಹೋಗುತ್ತಾರೆ.

ಆ ಹೊಳೆಯಲ್ಲಿ ‘ದೊಡ್ಡ ಮೆಟ್ಟಿಲು’ ಅಂತ, ನೀರು ಒಮ್ಮೆಲೇ ಕೆಳಗೆ ಬೀಳುವ ಒಂದು ಧುಮುಕು. ಅದನ್ನು ಇಳಿಯಬೇಕೆನ್ನುವುದು ಅವಳ ಆಸೆ. ಆದರೆ ದೋಣಿ ಸಂಘದ ಕಟ್ಟಳೆಯೊಂದಿತ್ತು: ಮೆಟ್ಟಿಲು ಇಳಿಯುವವರಿಗೆ ದಡದಲ್ಲಿ ಅವರದೇ ಮನೆಯವರೊಬ್ಬರು ಹಗ್ಗ ಹಿಡಿದು ನಿಂತಿರಬೇಕು, ಆ ಮನೆಯವರು ಸಂಘದ ರಕ್ಷಣಾ ತರಬೇತಿಯಲ್ಲಿ ಪಾಸಾಗಿರಬೇಕು. ಮನೆಯವರೇ ಯಾಕೆ ಅಂತ ಕೇಳಿದವರಿಗೆ ತರಬೇತಿಯ ಮೇಷ್ಟ್ರು ಕೊಡುವ ಉತ್ತರ ಒಂದೇ: “ಗೆಳೆಯರು ಫೋಟೋ ತೆಗೀತಾ ನಿಲ್ತಾರೆ. ಮನೆಯವರು ಕಣ್ಣು ಕದಲಿಸಲ್ಲ.”

ಅವಳ ಮನೆಯವರೆಂದರೆ ಗಂಡ ಮತ್ತು ತಾಯಿ. ತಾಯಿಗೆ ಮಂಡಿನೋವು. ಹಗ್ಗ ದರ್ಜಿಯ ಕೊರಳಿಗೇ ಬಂತು.

ಅತ್ತೆಗೂ ಅಳಿಯನಿಗೂ ಇಷ್ಟು ವರ್ಷದಲ್ಲಿ ಉಪ್ಪು ಹೆಚ್ಚಾಗಿದೆ ಅನ್ನುವ ವಿಷಯದಲ್ಲೂ ಒಮ್ಮತ ಆದದ್ದಿಲ್ಲ. ಅತ್ತೆಯ ಕಪಾಟು ತೆಗೆದರೆ ಬಟ್ಟೆಗಳು ನೆಂಟರ ಹಾಗೆ ಎದೆಗೆ ಬಂದು ಬೀಳುತ್ತವೆ. ದರ್ಜಿಯ ಕಪಾಟಿನಲ್ಲಿ ಕರ್ಚೀಫುಗಳು ಕೂಡ ಅಂಚಿಗೆ ಅಂಚು ಕೂಡಿಸಿಕೊಂಡು ಪರೀಕ್ಷೆಗೆ ಕೂತ ಮಕ್ಕಳಂತಿರುತ್ತವೆ. ಅಂಥ ಇಬ್ಬರೂ ಆ ವಾರ ಅಡುಗೆಮನೆಯಲ್ಲಿ ಬಾಗಿಲು ಓರೆ ಮಾಡಿಕೊಂಡು ನಿಂತರು.

“ಅಳಿಯಂದ್ರೇ, ನೀವು ಹೋಗಿ,” ಅತ್ತೆ ಪಿಸುಗುಟ್ಟಿದರು. “ಹೋಗಿ ಫೇಲಾಗಿ.”

“ಫೇಲಾ?”

“ಹೂಂ. ಬೇಡ ಅಂದ್ರೆ ಅವಳು ಕೇಳೋಳಲ್ಲ. ಹೆತ್ತೋಳು ನಾನು, ನಂಗೊತ್ತಿಲ್ವಾ? ನೀವು ಫೇಲಾದ್ರೆ ಯಾರೇನು ಮಾಡಕ್ಕಾಗುತ್ತೆ? ನಿಮಗೇನು ಅದು ಕಷ್ಟದ ಕೆಲಸವೇ?”

ಇದು ತನ್ನ ಮೇಲಿಟ್ಟ ನಂಬಿಕೆಯೋ, ತನ್ನ ಬಗೆಗಿದ್ದ ಅಭಿಪ್ರಾಯವೋ ದರ್ಜಿಗೆ ತಿಳಿಯಲಿಲ್ಲ. ಆದರೂ ಒಪ್ಪಿದ. ಕೆಲಸ ಸರಿಯಾಗಿ ಕೆಡುತ್ತದೆಯೋ ಇಲ್ಲವೋ ನೋಡಲು ಅತ್ತೆಯೂ ಜೊತೆಗೆ ಹೊರಟರು. “ನನಗೂ ಗಾಳಿ ಬದಲಾಗ್ಲಿ” ಎಂದು ಮಗಳಿಗೆ ಹೇಳಿದರು.

ಹೊಳೆದಂಡೆಯ ತಗಡಿನ ಶೆಡ್ಡಿನಲ್ಲಿ ತರಬೇತಿ. ಗೋಡೆಯ ತುಂಬ ಹೆಲ್ಮೆಟ್ಟು, ಲೈಫ್ ಜಾಕೆಟ್ಟು; ಒದ್ದೆ ರಬ್ಬರಿನ ವಾಸನೆ; ಮೂಲೆಯಲ್ಲಿ ಬೆನ್ನು ಮೇಲಾಗಿ ಮಲಗಿದ ದೋಣಿಗಳು. ಮೇಷ್ಟ್ರು ಅಗ್ನಿಶಾಮಕ ದಳದಲ್ಲಿದ್ದು ನಿವೃತ್ತರಾದವರು. ಕೊರಳಲ್ಲಿ ಸದಾ ಸೀಟಿ, ಹೆಸರೂ ಸೀಟಿ ಮೇಷ್ಟ್ರು. ಮನೆಯಲ್ಲಿ ಎರಡನೇ ಸಲ ಚಹಾ ಕೇಳುವುದೂ ಸೀಟಿಯಲ್ಲೇ ಎಂದು ಪ್ರತೀತಿ.

“ಒಂದು ಸೀಟಿ ಅಂದ್ರೆ ನನ್ನ ಕಡೆ ನೋಡಿ ಅಂತ,” ಅವರು ಶುರು ಮಾಡಿದರು. “ಮೂರು ಅಂದ್ರೆ ಯಾರೋ ಕಷ್ಟದಲ್ಲಿದ್ದಾರೆ ಅಂತ. ಎರಡನೇ ಪಾಠ. ಮೊದಲು ನೀವು ಬದುಕಿ. ದಡದಲ್ಲಿ ಇರೋರು ಬದುಕಿದ್ರೇನೆ ನೀರಲ್ಲಿ ಇರೋರಿಗೆ ಉಪಯೋಗ. ಮೊದಲು ಕೂಗಿ. ಹತ್ರ ಇದ್ರೆ ಹುಟ್ಟು ಚಾಚಿ. ದೂರ ಇದ್ರೆ ಹಗ್ಗ ಎಸೀರಿ. ನೀರಿಗೆ ಹಾರೋದು ಕಟ್ಟಕಡೇಗೆ. ಸಿನಿಮಾದಲ್ಲಿ ಮಾತ್ರ ಅದು ಮೊದಲು.”

ನೀರಿಗೆ ಬಿದ್ದವರು ಅಂಗಾತ ಮಲಗಬೇಕು, ಕಾಲು ಮುಂದೆ, ಹೆಬ್ಬೆರಳು ನೀರಿನ ಮೇಲೆ, ಆರಾಮಕುರ್ಚಿಯಲ್ಲಿ ಒರಗಿದ ಹಾಗೆ. ರಭಸದ ನೀರಿನಲ್ಲಿ ಮಾತ್ರ ಎದ್ದು ನಿಲ್ಲಬಾರದು. ಪಾದ ಕಲ್ಲುಗಳ ಸಂದಿಗೆ ಸಿಕ್ಕಿಕೊಂಡರೆ ನೀರು ಬೆನ್ನ ಮೇಲೆ ಕೂತು ಬಗ್ಗಿಸಿಬಿಡುತ್ತದೆ. ಇಷ್ಟು ಹೇಳಿಸಿಕೊಂಡು ನೀರಿಗಿಳಿದವರಲ್ಲಿ ಮಗನ ಸಲುವಾಗಿ ಬಂದಿದ್ದ ಬ್ಯಾಂಕ್ ಮ್ಯಾನೇಜರೊಬ್ಬರು, ಇಪ್ಪತ್ತು ವರ್ಷದಲ್ಲಿ ಒಬ್ಬ ಗಿರಾಕಿ ಬಂದಾಗಲೂ ಕುರ್ಚಿ ಬಿಟ್ಟು ಏಳದವರು, ಮೊದಲ ಅಲೆ ಬರುತ್ತಲೂ ಎದ್ದು ನಿಂತರು. ಮೇಷ್ಟ್ರ ಸೀಟಿ ಕೇಳಿ ಮತ್ತೆ ಮಲಗಿದರು. ದರ್ಜಿ ಮಾತ್ರ ಹೇಳಿದ ಹಾಗೆ ಮಲಗಿ, ಹೇಳಿದ ಕಡೆ ಹೋಗಿ ತಲುಪಿದ. ಫೇಲಾಗಲು ಬಂದವನಿಗೆ ಇದು ಒಳ್ಳೆಯ ಆರಂಭವಲ್ಲ ಎಂದು ದಡದಿಂದ ಅತ್ತೆ ದುರುಗುಟ್ಟಿದರು.

ಮೇಷ್ಟ್ರು ಕೆಳಗಿನ ತಿರುವಿನತ್ತ ಕೈ ತೋರಿಸಿದರು. ಅಲ್ಲೊಂದು ಮರ ಬುಡಮೇಲಾಗಿ ಬಿದ್ದು, ಕೊಂಬೆಗಳು ನೀರಿನೊಳಗೆ ಹರಡಿಕೊಂಡಿದ್ದವು.

“ನೋಡೋಕೆ ಪಾಪದ್ದು ಅನ್ಸುತ್ತೆ. ನಾವು ಅದನ್ನ ಜರಡಿ ಅಂತೀವಿ. ನೀರು ದಾಟುತ್ತೆ, ಮನುಷ್ಯ ದಾಟಲ್ಲ.”

“ಚಹಾ ಸೋಸಿದ ಹಾಗೆ,” ಎಂದರು ಅತ್ತೆ.

“ಹಾಗೇ ಅಮ್ಮಾ. ನಾವು ಮೇಲೆ ಉಳಿಯೋ ಸೊಪ್ಪು.”

ಅತ್ತೆ ಆ ಮರವನ್ನು ಇನ್ನೊಮ್ಮೆ ನೋಡಿದರು. ಅಳಿಯ ಫೇಲಾಗುವುದು ಅವರಿಗೆ ಈಗ ಇನ್ನಷ್ಟು ಅಗತ್ಯವಾಗಿ ಕಂಡಿತು.

ಮಧ್ಯಾಹ್ನ ಹಗ್ಗದ ಪಾಠ. ತೇಲುವ ಹಗ್ಗ, ಅದನ್ನು ತುಂಬಿಡುವ ಚೀಲ. ಹಗ್ಗದ ತುದಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಚೀಲವನ್ನು ಬಿದ್ದವರ ಆಚೆಗೆ ಬೀಳುವಂತೆ ಎಸೆಯಬೇಕು. ಎಸೆಯುವ ಮೊದಲು ‘ಹಗ್ಗ!’ ಅಂತ ಕೂಗಬೇಕು, ಅವರು ತಿರುಗಿ ನೋಡಲಿ ಎಂದು. ಅವರು ಹಿಡಿದ ಕೂಡಲೇ ನಾವು ಕೂತುಬಿಡಬೇಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು. ತುದಿಗೆ ಗಂಟಿರಬಾರದು. ಹಗ್ಗ ಕೈತಪ್ಪಿ ನೀರಿಗೆ ಹೋದರೆ ಬೋಳು ತುದಿ ಕಲ್ಲುಗಳ ನಡುವೆ ಜಾರಿಕೊಂಡು ಹೋಗುತ್ತದೆ, ಗಂಟಾದರೆ ಸಿಕ್ಕಿಕೊಂಡು ನೀರಿನಡಿ ಬಲೆ ಕಟ್ಟುತ್ತದೆ.

ಕಷ್ಟ ಇಲ್ಲಿ ಶುರುವಾಯಿತು. ದರ್ಜಿಯ ಬೆರಳುಗಳಿಗೆ ದಾರದ ತುದಿ ಸಿಕ್ಕಿತೆಂದರೆ ಅವು ಯಜಮಾನನ ಅಪ್ಪಣೆಗೆ ಕಾಯುವುದಿಲ್ಲ. ಮೇಷ್ಟ್ರು ಅತ್ತ ತಿರುಗಿ ಇತ್ತ ನೋಡುವುದರೊಳಗೆ ಹಗ್ಗದ ತುದಿಯಲ್ಲಿ ಪುಟ್ಟ, ಅಚ್ಚುಕಟ್ಟಾದ ಗಂಟು.

“ಸ್ವಾಮಿ, ಇದೇನು?”

“ಅಯ್ಯೋ, ಗೊತ್ತಾಗ್ಲಿಲ್ಲ ಮೇಷ್ಟ್ರೇ.”

ಬಿಚ್ಚಿಕೊಟ್ಟರು. ಸ್ವಲ್ಪ ಹೊತ್ತಿಗೆ ಮತ್ತೆ ಗಂಟು. ಮೂರನೇ ಸಲ ಮೇಷ್ಟ್ರು ಹಗ್ಗ ಕಿತ್ತುಕೊಂಡರು. ಬಿಚ್ಚಿದರು, ನಿಟ್ಟುಸಿರು ಬಿಟ್ಟರು. ಅತ್ತೆ ಹೆಮ್ಮೆಯಿಂದ ನೋಡಿದರು. ಅಳಿಯ ಇಷ್ಟು ಚೆನ್ನಾಗಿ ಫೇಲಾಗಬಲ್ಲ ಎಂದು ಅವರೂ ಎಣಿಸಿರಲಿಲ್ಲ. ಆದರೆ ದರ್ಜಿ ಬೇಕೆಂದು ಮಾಡುತ್ತಿರಲಿಲ್ಲ. ಅವನಿಗೆ ನಿಜವಾಗಿ ನಾಚಿಕೆಯಾಗಿತ್ತು.

ಗಂಟು ಹೇಗೋ ನಿಂತಿತು. ಚೀಲ ತುಂಬುವುದು ಅದಕ್ಕಿಂತ ಕಷ್ಟವಾಯಿತು. ಎಸೆದ ಹಗ್ಗವನ್ನು ಚೀಲಕ್ಕೆ ಸುಮ್ಮನೆ ಹಿಡಿ ಹಿಡಿಯಾಗಿ ತುರುಕಬೇಕು. ತುರುಕಿದ ಹಗ್ಗ ನೀರಿನಂತೆ ಹೊರಗೆ ಬರುತ್ತದೆ. ಚೆಂದವಾಗಿ ಸುತ್ತಿ, ಮಡಚಿ ಇಟ್ಟರೆ ಸುತ್ತಿಗೆ ಸುತ್ತು ಸಿಕ್ಕಿಕೊಂಡು ಮುದ್ದೆಯಾಗಿ ಬೀಳುತ್ತದೆ. ಮೇಷ್ಟ್ರು ಇದನ್ನು ಹೇಳುತ್ತಿದ್ದಾಗ ದರ್ಜಿ ತಲೆಯಾಡಿಸುತ್ತಲೇ ಇದ್ದ, ಬೆರಳುಗಳು ಹಗ್ಗವನ್ನು ಅಳತೆಪಟ್ಟಿಯ ಹಾಗೆ ಸುತ್ತುತ್ತಲೇ ಇದ್ದವು.

“ಮಡಚಬೇಡಿ ಸ್ವಾಮಿ! ಕೆಡಿಸಿ. ಕೆಡಿಸಿ ತುಂಬಿ.”

“ಕೆಡಿಸಿ ತುಂಬೋದು ನನ್ನ ಕೈಲಾಗಲ್ಲ ಮೇಷ್ಟ್ರೇ. ಬಟ್ಟೆ ಕೆಲಸದೋನು ನಾನು.”

“ಇದು ಬಟ್ಟೆಯಲ್ಲ.”

ಮರುದಿನ ನಿಜವಾದ ಅಭ್ಯಾಸ. ಒಬ್ಬರು ನೊರೆಯಲ್ಲಿ ತೇಲಿ ಬರುವುದು, ದಡದಲ್ಲಿ ನಿಂತವರು ಹಗ್ಗ ಎಸೆದು ಎಳೆದುಕೊಳ್ಳುವುದು. ಯಾರ ಎಸೆತ ತಪ್ಪಿದರೂ ಹಿಡಿಯಲು ಮೇಷ್ಟ್ರು ಕೆಳಗೆ ತಮ್ಮ ದೋಣಿಯಲ್ಲಿ ಜರಡಿಗೆ ಅಡ್ಡವಾಗಿ ಇರುತ್ತಿದ್ದರು. ಡ್ರೈವರಮ್ಮ ಈಗಾಗಲೇ ತರಬೇತಿ ಮುಗಿಸಿದವಳಾದ್ದರಿಂದ ಬೀಳುವವರ ಪಾತ್ರ ಅವಳದು. ಬೆಳಿಗ್ಗೆಯೆಲ್ಲ ಬಿದ್ದು ಬಿದ್ದು ಎದ್ದಳು. ಗಂಡನ ಸರದಿ ಇನ್ನೂ ಬಂದಿರಲಿಲ್ಲ.

ಊಟದ ವೇಳೆಗೆ ಎಲ್ಲರೂ ಬ್ರೆಡ್ಡು, ಮೊಟ್ಟೆ ಹಿಡಿದು ಕಲ್ಲುಗಳ ಮೇಲೆ ಕೂತರು. ಮೇಷ್ಟ್ರು ಒದ್ದೆ ಹಗ್ಗವೊಂದನ್ನು ತಂದು ಅತ್ತೆಯ ಮುಂದೆ ಹಾಕಿದರು. “ಅಮ್ಮಾ, ಕೂತೇ ಇದ್ದೀರಲ್ಲ, ಇದನ್ನ ಈ ಚೀಲಕ್ಕೆ ತುಂಬಿಬಿಡಿ.” ಅತ್ತೆ ಮಗಳ ಕಡೆ ನೋಡುತ್ತ, ಮಾತಾಡುತ್ತ, ದಿಂಬಿಗೆ ಹಳೇ ಬಟ್ಟೆ ಗಿಡಿಯುವ ಹಾಗೆ ಗಿಡಿದು ಪಕ್ಕಕ್ಕೆ ಎಸೆದರು. ದರ್ಜಿಗೆ ಅದನ್ನು ನೋಡಲಾಗಲಿಲ್ಲ. ಆಮೇಲೆ ಸರಿಮಾಡಿದರಾಯಿತು ಅಂದುಕೊಂಡ. ಅಷ್ಟರಲ್ಲಿ ತನ್ನ ಚೀಲವನ್ನು ಬಿಚ್ಚಿ ನೋಡಿದ. ಮೇಷ್ಟ್ರು ಬೆಳಿಗ್ಗೆ ತುಂಬಿಕೊಟ್ಟಿದ್ದದ್ದು. ಒಳಗೆ ಬೆಕ್ಕು ಆಡಿದ ಉಲ್ಲನ್ ಉಂಡೆಯಂತಿತ್ತು. ಯಾರೂ ನೋಡುತ್ತಿರಲಿಲ್ಲ. ಹೊರಗೆ ತೆಗೆದು, ಸುತ್ತು ಸುತ್ತಾಗಿ ಮಡಚಿ, ಒಳಗಿಟ್ಟು, ಬಾಯಿ ಎಳೆದ. ಮನಸ್ಸಿಗೆ ಸಮಾಧಾನವಾಯಿತು.

ಊಟ ಮುಗಿದ ಮೇಲೆ ಮೊದಲ ಸರದಿ ಮ್ಯಾನೇಜರರದು. ಅವರು ‘ಹಗ್ಗ!’ ಎಂದು ಗಂಭೀರವಾಗಿ ಕೂಗಿ, ಚೀಲದ ಜೊತೆಗೆ ಕೈಯಲ್ಲಿದ್ದ ತುದಿಯನ್ನೂ ಎಸೆದುಬಿಟ್ಟರು. ಸಹಿ ಹಾಕಿದ ಕಾಗದವನ್ನು ಪೂರ್ತಿಯಾಗಿ ಮುಂದೆ ತಳ್ಳಿ ಅಭ್ಯಾಸವಾದ ಕೈ. ಹಗ್ಗ ತೇಲುತ್ತ ಆಚೆ ದಡದ ಕಲ್ಲುಗಳಿಗೆ ಹೋಗಿ ತಗುಲಿತು. ತೇಲಿ ಬಂದ ಡ್ರೈವರಮ್ಮನನ್ನು ಮೇಷ್ಟ್ರು ದೋಣಿಯಲ್ಲಿ ಹಿಡಿದು ದಡಕ್ಕೆ ಬಿಟ್ಟರು. ಅವಳು ದಡದಲ್ಲಿದ್ದ ತನ್ನ ಕಯಾಕ್ ಏರಿ, ಅಂಚಿನ ನಿಧಾನದ ನೀರಿನಲ್ಲಿ ಮತ್ತೆ ಮೇಲಕ್ಕೆ ಹೋಗಿ, ದೊಡ್ಡ ಬಂಡೆಯ ಹಿಂದಿನ ನಿಶ್ಚಲ ನೀರಿನಲ್ಲಿ ಕಾದಳು. ಮೇಷ್ಟ್ರು ಒಂದು ಸೀಟಿ ಊದಿ, ಯಾರೂ ಶುರು ಮಾಡಬೇಡಿ ಎಂದು ಕೈ ಮಾಡಿ, ಹಗ್ಗ ಬಿಡಿಸಿ ತರಲು ಆಚೆ ದಡಕ್ಕೆ ಹೋಗಿ ದೋಣಿಯಿಂದ ಇಳಿದರು.

ಮುಂದಿನ ಸರದಿ ದರ್ಜಿಯದು. ತನ್ನ ಬಂಡೆಯ ಮೇಲೆ ನಿಂತಿದ್ದ. ಕೈಯಲ್ಲಿ ತಾನು ಮಡಚಿದ ಚೀಲ, ಕಾಲ ಬಳಿ ಆಮೇಲೆ ಸರಿಮಾಡಲೆಂದು ತಂದಿದ್ದ, ಅತ್ತೆ ಗಿಡಿದ ಚೀಲ.

ಆಗ ಮೂರು ಸೀಟಿ ಕೇಳಿಸಿತು. ಅದು ಮೇಷ್ಟ್ರ ಸೀಟಿಯಲ್ಲ, ಸಣ್ಣದು, ಜಾಕೆಟ್ಟಿಗೆ ಸಿಕ್ಕಿಸಿಕೊಳ್ಳುವಂಥದ್ದು. ಮೇಲೆ, ಬಂಡೆಯ ಅಂಚಿನಲ್ಲಿ ಕಯಾಕ್ ಸೆಳವಿಗೆ ಸಿಕ್ಕಿ ಮಗುಚಿಕೊಂಡಿತ್ತು. ಅದರ ಹೊಟ್ಟೆ ಮಾತ್ರ ಕಾಣುತ್ತಿತ್ತು. ಅದಕ್ಕಿಂತ ಮುಂದೆ ಒಂದು ಹಳದಿ ಹೆಲ್ಮೆಟ್ಟು ತೇಲಿ ಬರುತ್ತಿತ್ತು. ಆಚೆ ದಡದಲ್ಲಿ ಮೇಷ್ಟ್ರು ಹಗ್ಗ ಬಿಟ್ಟು ದೋಣಿಯತ್ತ ಓಡಿದರು. ಆದರೆ ಅವರಿಗೂ ಅವಳಿಗೂ ನಡುವೆ ಇಡೀ ಹೊಳೆಯಿತ್ತು. ಕೆಳಗೆ ತಿರುವಿನಲ್ಲಿ ಜರಡಿಗೆ ಅಡ್ಡ ಯಾರೂ ಇರಲಿಲ್ಲ.

ಅವಳು ಅಂಗಾತ ಮಲಗಿದ್ದಳು, ಕಾಲು ಮುಂದೆ, ಹೆಬ್ಬೆರಳು ಮೇಲೆ. ಬಸ್ಸಿನ ಸೀಟಿನಲ್ಲಿ ಕೂತಷ್ಟೇ ಸ್ಥಿರವಾಗಿ. ಕಣ್ಣು ಮಾತ್ರ ದಡದ ಮೇಲೆ ಗಂಡನನ್ನು ಹುಡುಕುತ್ತಿತ್ತು.

ದರ್ಜಿ ಎಸೆದ. ಕೂಗಲು ಮರೆತಿದ್ದ. ಚೀಲ ಚೆನ್ನಾಗಿಯೇ ಹಾರಿತು, ಆದರೆ ಒಳಗಿನ ಅಚ್ಚುಕಟ್ಟು ಸುತ್ತುಗಳು ಒಂದನ್ನೊಂದು ಅಪ್ಪಿಕೊಂಡು, ಹಿಂಡಿದ ಟವೆಲಿನ ಹಾಗೆ ಹೊರಗೆ ಬಂದು, ಅವಳಿಗೂ ಅವನಿಗೂ ನಡುವೆ ತೊಪ್ಪನೆ ಬಿದ್ದವು. ಅವಳು ಅದರ ಆಚೆ ದಾಟಿ ಹೋದಳು.

“ಅಳಿಯಂದ್ರೇ!” ಹಿಂದಿನಿಂದ ಅತ್ತೆಯ ಧ್ವನಿ ಸೀಳಿತು. “ಇನ್ನೊಂದು! ಇನ್ನೊಂದಿದೆ!”

ಅವನು ಮೊದಲ ಹಗ್ಗ ಅಲ್ಲೇ ಬಿಟ್ಟು, ಕಾಲ ಬಳಿಯ ಚೀಲವನ್ನು ಎತ್ತಿಕೊಂಡು ಕಲ್ಲಿನಿಂದ ಕಲ್ಲಿಗೆ ಕೆಳಗೆ ಓಡಿದ. ಓಡಬಾರದು, ಜಾರುತ್ತದೆ ಎಂದು ಮೇಷ್ಟ್ರು ಹೇಳಿದ್ದರು. ಜಾರಲಿಲ್ಲ. ತುದಿ ಎಡಗೈಯಲ್ಲಿ. ಬೋಳು ತುದಿ. ಅತ್ತೆ ಜನ್ಮದಲ್ಲಿ ಯಾವುದಕ್ಕೂ ಗಂಟು ಹಾಕಿದವರಲ್ಲ.

“ಹಗ್ಗ!” ಎಂದು ಅವನು ಕೂಗಿದ ರೀತಿಗೆ ಆಚೆ ದಡದ ಹಕ್ಕಿಗಳೆದ್ದವು.

ಅವಳು ತಿರುಗಿ ನೋಡಿದಳು. ಚೀಲ ಅವಳ ತಲೆಯ ಮೇಲಿಂದ ಹಾರಿತು. ಹಗ್ಗ ಹಿಂದೆ ಹಿಂದೆ ಸರಾಗವಾಗಿ ಸುರಿಯುತ್ತ ಹೋಗಿ ಅವಳ ಹೆಗಲ ಮೇಲೆ ಅಡ್ಡವಾಗಿ ಬಿತ್ತು. ಅವಳು ಅದನ್ನು ಎದೆಗವಚಿ ಹಿಡಿದು ಬೆನ್ನು ತಿರುಗಿಸಿದಳು. ದರ್ಜಿ ಕೂತ. ಹಿಮ್ಮಡಿ ಕಲ್ಲಿಗೆ ಊರಿತು. ಹೊಳೆಯ ಭಾರವೆಲ್ಲ ಒಮ್ಮೆಗೆ ಅಂಗೈಗೆ ಬಂತು. ಅವನು ಬಿಡಲಿಲ್ಲ. ಬಿಡುವ ವಿಚಾರವೇ ಅಲ್ಲಿ ಇರಲಿಲ್ಲ. ಬಾಗಿಲು ಕೀಲಿನ ಮೇಲೆ ಸರಿದ ಹಾಗೆ ಅವಳು ನಿಧಾನವಾಗಿ ದಡದತ್ತ ಸರಿದು ಬಂದಳು. ನೊರೆ ಹಿಂದೆ ಉಳಿಯಿತು. ಬೆನ್ನಿಗೆ ಮರಳು ತಾಗಿದ ಮೇಲೆಯೇ ಅವಳು ಎದ್ದದ್ದು.

ಅವಳು ಕೆಮ್ಮಿದಳು, ಮೂಗಿನಿಂದ ಅರ್ಧ ಹೊಳೆಯನ್ನು ಹೊರಗೆ ಹಾಕಿದಳು. ದರ್ಜಿ ಇನ್ನೂ ಹಗ್ಗ ಹಿಡಿದು ಕೂತೇ ಇದ್ದ.

“ರೀ. ಬಿಡ್ರೀ ಈಗ. ಬಂದಿದ್ದೀನಿ.”

ಅವನು ಬಿಟ್ಟ. ಆಮೇಲೆ ನಡುಗಲು ಶುರು ಮಾಡಿದ. ನೀರಿನಿಂದ ಬಂದವಳು ದಡದಲ್ಲಿದ್ದವನಿಗೆ ಟವೆಲು ಹೊದಿಸಿದಳು.

ಮೇಷ್ಟ್ರು ದೋಣಿ ದಡಕ್ಕೆ ನುಗ್ಗಿಸಿ ಬಂದರು. ಅವಳನ್ನು ಮೇಲಿಂದ ಕೆಳಗೆ ನೋಡಿದರು. “ನಾನು ಆಚೆ ಹೋಗಬಾರ್ದಿತ್ತು,” ಎಂದು ಒಂದೇ ಮಾತಿನಲ್ಲಿ ತಪ್ಪೊಪ್ಪಿಕೊಂಡರು. ಅಷ್ಟರಲ್ಲಿ ಮ್ಯಾನೇಜರರು ಮೊದಲ ಹಗ್ಗವನ್ನೂ ನೀರಿನಿಂದ ಎಳೆದು ತಂದಿದ್ದರು; ಮೇಷ್ಟ್ರು ಕಲ್ಲಿನ ಮೇಲೆ ಬಿದ್ದಿದ್ದ ಎರಡೂ ಹಗ್ಗ ನೋಡಿದರು. ಒಂದು ಮುದ್ದೆ. ಇನ್ನೊಂದು ಗೆರೆ ಎಳೆದ ಹಾಗೆ.

“ಇದನ್ನ ತುಂಬಿದ್ಯಾರು?”

“ನಾನೇ,” ಎಂದರು ಅತ್ತೆ, ಬೈಗುಳಕ್ಕೆ ಸಿದ್ಧರಾಗಿ. “ಯಾಕೆ, ಸರಿಯಿರ್ಲಿಲ್ವಾ?”

“ಇದಕ್ಕಿಂತ ಸರಿಯಾಗಿ ನಾನೂ ತುಂಬಲ್ಲ ಅಮ್ಮಾ.”

ಬಟ್ಟೆಬರೆ ಇಡುವ ವಿಷಯದಲ್ಲಿ ಅತ್ತೆಗೆ ಬದುಕಿನಲ್ಲಿ ಸಿಕ್ಕಿದ ಮೊದಲ ಸರ್ಟಿಫಿಕೇಟು ಅದು. ಅವರು ಅಳಿಯನ ಕಡೆ ನೋಡಿದರು. ಅಳಿಯ ಹೊಳೆಯ ಕಡೆ ನೋಡಿದ.

“ನೀವು ಪಾಸು ಸ್ವಾಮಿ,” ಎಂದು ಮೇಷ್ಟ್ರು ದರ್ಜಿಯ ಬೆನ್ನು ತಟ್ಟಿ ಹೋದರು.

“ಅಯ್ಯೋ ರಾಮ,” ಅತ್ತೆಗೆ ಅಳುವೂ ನಗುವೂ ಒಟ್ಟಿಗೆ ಬಂತು. “ನೆಟ್ಟಗೆ ಫೇಲಾಗೋಕೂ ಆಗ್ಲಿಲ್ವಲ್ಲ ನಿಮ್ಮ ಕೈಲಿ!”

ಡ್ರೈವರಮ್ಮ ತಲೆ ಒರೆಸುವುದನ್ನು ನಿಲ್ಲಿಸಿದಳು. “ಏನಂದೆ ಅಮ್ಮ? ಫೇಲಾಗೋಕೆ ಬಂದಿದ್ರಾ?”

“ಐಡಿಯಾ ಅತ್ತೇದು,” ಎಂದ ದರ್ಜಿ ತಕ್ಷಣ.

“ನೋಡೇ, ನೋಡೇ! ಹೊಳೆಗೆ ಹೆದರ್ಲಿಲ್ಲ, ನಿನಗೆ ಹೆದರಿ ನನ್ನ ಮೇಲೆ ಹಾಕ್ತಿದ್ದಾರೆ.”

ಅವಳು ಇಬ್ಬರನ್ನೂ ನೋಡಿದಳು. ಬೈಯುವಳೆಂದು ಇಬ್ಬರೂ ಕಾದರು. ಅವಳು ಗಂಡನ ಅಂಗೈ ಬಿಡಿಸಿ ನೋಡಿದಳು. ಹಗ್ಗದ ಕೆಂಪು ಗೆರೆ ಅಡ್ಡಕ್ಕೆ ಹೊಲಿಗೆ ಹಾಕಿದ ಹಾಗಿತ್ತು.

“ಮೆಟ್ಟಿಲು ಬೇಡ ಅಂತಿದ್ರೆ ಈಗ ಹೇಳಿ,” ಎಂದಳು ಮೆಲ್ಲಗೆ. “ಬೇರೆ ದಿನ ಹೇಳಿದ್ರೆ ಕೇಳಲ್ಲ. ಇವತ್ತು ಹೇಳಿದ್ರೆ ಕೇಳ್ತೀನಿ.”

ಅತ್ತೆ ಅಳಿಯನಿಗೆ ಕಣ್ಸನ್ನೆ ಮಾಡಿದರು. ಫೇಲಾಗದೆಯೇ ಕೆಲಸ ಆಗಿಬಿಡುವ ಗಳಿಗೆ. ಒಂದು ಮಾತು ಸಾಕಿತ್ತು. ದರ್ಜಿ ಬಾಯಿ ತೆರೆದ. ಅವನ ಕಣ್ಣು ತಿರುವಿನ ಮರದ ಮೇಲೆ ಹೋಯಿತು, ಅಲ್ಲಿಂದ ಕಲ್ಲಿನ ಮೇಲೆ ಉದ್ದಕ್ಕೆ ಬಿದ್ದಿದ್ದ ಹಗ್ಗಕ್ಕೆ ಬಂತು. ಇಷ್ಟು ವರ್ಷ ಇಲ್ಲದ ಬ್ರೇಕು ಒತ್ತುತ್ತ ಬಂದವನು ಇವತ್ತು ಮೊದಲ ಸಲ ಏನನ್ನೋ ಹಿಡಿದಿದ್ದ, ಅದು ನಿಂತಿತ್ತು.

“ಎರಡು ಚೀಲ ಇರ್ಬೇಕು,” ಎಂದ. “ಎರಡೂ ಅತ್ತೆ ತುಂಬಿದ್ದೇ ಆಗಿರ್ಬೇಕು.”

“ನಾನಾ? ಅಲ್ಲಿಗಾ? ನನ್ನ ಮಂಡಿ ಏನಾಗ್ಬೇಕು?”

“ಕೂತೇ ತುಂಬಬಹುದು ಅತ್ತೆ.”

ಅವಳು ನಕ್ಕಳು. ಈ ಸಲ ಆ ನಗು ಅವನಿಗೆ ದಿಗಿಲು ತರಲಿಲ್ಲ. ಸ್ವಲ್ಪ ಮಾತ್ರ ತಂದಿತು.

ಸಂಜೆಯ ಬಿಸಿಲಿನಲ್ಲಿ ಮೂವರೂ ಹೊರಟರು. ಹೊರಡುವ ಮೊದಲು ಶೆಡ್ಡಿನ ಬಾಗಿಲಲ್ಲಿ ಅತ್ತೆ ಮುಂದೆ ನಿಂತು ಅಳಿಯನ ಕೈಯಿಂದ ಒದ್ದೆ ಹಗ್ಗ ತುಂಬಿಸಿದ್ದರು. “ಇನ್ನೂ ಕೆಡಿಸಿ. ಇನ್ನೂ. ಹಾಂ, ಈಗ ಮನೆ ಥರ ಆಯ್ತು.” ಕಾರಿನಲ್ಲಿ ಅತ್ತೆ ಹಿಂದೆ ಕೂತು, ಆಗಿದ್ದನ್ನೆಲ್ಲ ಮೊದಲಿಂದ ಇನ್ನೊಮ್ಮೆ ಹೇಳಿದರು. ಈ ಸಲದ ಕಥೆಯಲ್ಲಿ ಚೀಲ ಎತ್ತಿಕೊಟ್ಟದ್ದೂ ಅವರೇ. ಅಳಿಯ ಹೂಂಗುಟ್ಟುತ್ತಿದ್ದವನು ಮೊದಲ ಬೆಟ್ಟ ಇಳಿಯುವುದರೊಳಗೆ ಸುಮ್ಮನಾದ. ಅತ್ತೆ ಬಗ್ಗಿ ನೋಡಿದರು. ಬಾಯಿ ಅರ್ಧ ತೆರೆದು ನಿದ್ದೆ ಹೊಡೆಯುತ್ತಿದ್ದ.

“ಅಯ್ಯಯ್ಯೋ, ಬ್ರೇಕ್ ಹಿಡಿಯೋರೇ ಮಲಗಿಬಿಟ್ರಲ್ಲೇ! ನಿಧಾನಕ್ಕೆ ಹೋಗು.”

ಮಗಳು ಕನ್ನಡಿಯಲ್ಲಿ ತಾಯಿಯನ್ನು ನೋಡಿದಳು, ಪಕ್ಕದ ಸೀಟಿನ ಬಲಗಾಲನ್ನು ನೋಡಿದಳು. ಮುಂದಿನ ತಿರುವನ್ನು ಬೇಕೆಂದೇ ಕೊಂಚ ಜೋರಾಗಿ ತೆಗೆದುಕೊಂಡಳು. ಕಾಲು ತೂತು ಮ್ಯಾಟಿನ ಮೇಲೆ ಹಾಯಾಗಿ ಬಿದ್ದುಕೊಂಡಿತ್ತು, ಅಲುಗಲಿಲ್ಲ.

ಹಿಂದಿನ ಸೀಟಿನಲ್ಲಿ ಮಾತ್ರ ಚಪ್ಪಲಿಯೊಂದು ನೆಲವನ್ನು ಬಲವಾಗಿ ಒತ್ತಿದ ಸದ್ದು ಕೇಳಿಸಿತು.